ಕನ್ನಡ ಮೇಷ್ಟ್ರಿಗೊಂದು ಮಾತಿಲ್ಲದ ಪಾತ್ರ

ಗಣಿತದ ಮೇಷ್ಟ್ರುಗಳೆಂದರೆ ಗಂಭೀರ ಮನುಷ್ಯರು, ಬಿಡುವಿದ್ದಾಗಲೂ ಪ್ರಮೇಯಗಳ ಬಗ್ಗೆಯೇ ಯೋಚಿಸುತ್ತಿರುತ್ತಾರೆ ಎಂದು ಜನ ನಂಬಿದ್ದಾರೆ. ಆ ನಂಬಿಕೆಯನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇನೆ. ಇವತ್ತು ಒಪ್ಪಿಕೊಂಡುಬಿಡುತ್ತೇನೆ: ನನಗೆ ಹೊಡೆದಾಟದ ಸಿನಿಮಾಗಳ ಹುಚ್ಚು. ಅದೂ ಎಂಥೆಂಥದೋ ರಕ್ತಪಾತವಲ್ಲ; ಹೆಂಡತಿ ಮಕ್ಕಳ ಪಕ್ಕದಲ್ಲಿ ಕೂತು ಮುಜುಗರವಿಲ್ಲದೆ ನೋಡಬಹುದಾದ ಸಾಂಸಾರಿಕ ಹೊಡೆದಾಟ. ನಾಯಕನಿಗೊಬ್ಬಳು ಪುಟ್ಟ ಮಗಳಿರಬೇಕು, ಅವಳನ್ನು ಯಾರಾದರೂ ಎತ್ತಿಕೊಂಡು ಹೋಗಬೇಕು, ಆಮೇಲೆ ಆತ ಎರಡೂವರೆ ಗಂಟೆ ಸಿಕ್ಕಸಿಕ್ಕವರನ್ನು ಒದೆಯುತ್ತ ಹೋಗಬೇಕು, ನಡುನಡುವೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರಬೇಕು. ಇಷ್ಟಿದ್ದರೆ ನನಗೆ ಕಥೆ, ಹಾಡು, ನಾಯಕಿ ಯಾವುದೂ ಬೇಡ. "ಎಂಟನೇ ಕ್ಲಾಸಿನ ಹುಡುಗರಿಗಿಂತ ಕಡೆ ನೀವು" ಎಂದು ನನ್ನ ಹೆಂಡತಿ ಸುಮಿತ್ರ ಆಗಾಗ ಹೇಳುವುದುಂಟು. ಎಂಟನೇ ಕ್ಲಾಸಿಗೆ ಪಾಠ ಮಾಡುವವನಾದ್ದರಿಂದ ಅದನ್ನು ನಾನು ಮೆಚ್ಚುಗೆಯೆಂದೇ ತಿಳಿದಿದ್ದೆ.

ನನಗೆ ಭೂಗೋಳ ಕಲಿಸಿದ್ದೂ ಈ ಸಿನಿಮಾಗಳೇ. ಕಣ್ಣು ಸಣ್ಣಗಿರುವವರೆಲ್ಲ ಹುಟ್ಟುತ್ತಲೇ ಕರಾಟೆ ಕಲಿತಿರುತ್ತಾರೆ; ಉದ್ದ ನಿಲುವಂಗಿಯವರ ಕೈಯಲ್ಲಿ ವಜ್ರದ ಪೆಟ್ಟಿಗೆ ಇರುತ್ತದೆ; ಕಪ್ಪಗೆ, ಗುಂಗುರು ಕೂದಲಿನ, ಬಾಗಿಲಿನಷ್ಟು ಅಗಲದ ಮನುಷ್ಯ ಬಂದನೆಂದರೆ ಅವನಿಗೆ ಮಾತು ಬರುವುದಿಲ್ಲ, ನೋವೂ ಆಗುವುದಿಲ್ಲ, ನಾಯಕನ ಕೊನೆಯ ಒದೆತಕ್ಕೆ ಮಾತ್ರ ಬೀಳುತ್ತಾನೆ. ಇದು ನನ್ನ ಪ್ರಪಂಚಜ್ಞಾನ. ನಾನು ಕಾಲೇಜಿಗೆಂದು ಸಾಗರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಚಳಿಗಾಲ ಬಂತೆಂದರೆ ಟಿಬೆಟಿನವರು ರಸ್ತೆ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುತ್ತಿದ್ದರು. ಅಂಗಡಿಯಲ್ಲಿ ಕೂತಿರುತ್ತಿದ್ದದ್ದು ಅರವತ್ತು ದಾಟಿದ ಒಬ್ಬ ಅಜ್ಜಿ, ಕೈಯಲ್ಲಿ ಜಪಮಣಿ. ಅವರೊಡನೆ ನಾನು ಒಂದು ದಿನವೂ ಚೌಕಾಸಿ ಮಾಡಿದವನಲ್ಲ. ಬೆಲೆ ಇಳಿಸಿ ಎಂದ ತಕ್ಷಣ ಅಜ್ಜಿ ಗಾಳಿಯಲ್ಲಿ ಎರಡು ಸುತ್ತು ತಿರುಗಿ ಎದೆಗೆ ಒದ್ದುಬಿಟ್ಟರೆ? "ಅಣ್ಣ, ಬೇರೆ ಬಣ್ಣ ತೋರಿಸ್ಲಾ?" ಎಂದು ಅವರು ಚೆಂದದ ಕನ್ನಡದಲ್ಲಿ ಕೇಳಿದಾಗಲೂ ನಾನು ಎರಡು ಹೆಜ್ಜೆ ದೂರ ನಿಂತೇ ತಲೆಯಾಡಿಸುತ್ತಿದ್ದೆ. ಈ ಪ್ರಸಂಗ ಹೇಳಿ ನಾನು ಎಷ್ಟೋ ಮದುವೆಮನೆಗಳಲ್ಲಿ ಜನರನ್ನು ನಗಿಸಿದ್ದೇನೆ. ಹೀಗೆ ದೂರ ನಿಲ್ಲುತ್ತಿದ್ದ ಹುಡುಗ ಆ ಅಜ್ಜಿಗೆ ಹೇಗೆ ಕಂಡಿರಬಹುದು ಎಂಬ ಯೋಚನೆ ಬಂದದ್ದು ಮಾತ್ರ ಈಚೆಗೆ, ಸುಬ್ರಾಯರ ಪ್ರಕರಣ ಆದ ಮೇಲೆ.

ಸುಬ್ರಾಯರು ನಮ್ಮ ಪ್ರೌಢಶಾಲೆಗೆ ಕನ್ನಡ ಮೇಷ್ಟ್ರಾಗಿ ಬಂದವರು. ಯಲ್ಲಾಪುರದ ಕಡೆಯವರು, ಸಿದ್ದಿ ಜನ. ಅವರ ಹಿರೀಕರು ಯಾವ ಶತಮಾನದಲ್ಲೋ ಆಫ್ರಿಕಾದಿಂದ ಬಂದವರು ಅನ್ನುವುದನ್ನು ಬಿಟ್ಟರೆ ಅವರಿಗೂ ಆ ಖಂಡಕ್ಕೂ ನನಗೂ ಆ ಖಂಡಕ್ಕೂ ಇರುವಷ್ಟೇ ನಂಟು. "ನಮ್ಮಜ್ಜ ದೂರದ ಪ್ರಯಾಣ ಅಂತ ಮಾಡಿದ್ದು ಒಂದೇ ಸಲ ಸರ್, ಶಿರಸಿಗೆ" ಎನ್ನುತ್ತಿದ್ದರು. ಆದರೆ ಇದೆಲ್ಲ ನನಗೆ ಮೊದಲ ದಿನವೇ ಗೊತ್ತಿರಬೇಕಲ್ಲ? ಶಾಲೆ ಶುರುವಾಗುವ ದಿನ ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಆರಡಿಯ, ಗುಂಗುರು ಕೂದಲಿನ ಮನುಷ್ಯರೊಬ್ಬರು ಬ್ಯಾಗು ಹಿಡಿದು ನಿಂತಿದ್ದರು. ಪಾಪ, ಜೋಗ ನೋಡಲು ಬಂದ ಪರದೇಶದವರು, ದಾರಿ ತಪ್ಪಿ ಇಲ್ಲಿ ಇಳಿದಿದ್ದಾರೆ ಎಂದು ತೀರ್ಮಾನಿಸಿ, ನನ್ನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಜೋಗ್ ಫಾಲ್ಸ್? ದಿಸ್ ಬಸ್ ನೋ! ಸಾಗರ್ ಬಸ್! ದೇರ್!" ಎಂದು ಕೈಕಾಲು ಆಡಿಸಿ ವಿವರಿಸಿದೆ. ಕಿವಿ ಕೇಳದವರೊಡನೆ ಮಾತಾಡುವ ಹಾಗೆ ಜೋರಾಗಿಯೇ ಹೇಳಿದೆ. ಅವರು ಕೊನೆಯವರೆಗೂ ಸಮಾಧಾನದಿಂದ ಕೇಳಿಸಿಕೊಂಡು, "ಜೋಗ ಆಮೇಲೆ ನೋಡುವಾ ಸರ್. ಈಗ ಶಾಲೆಗೆ ಹೊತ್ತಾಯ್ತು. ನಾನು ಹೊಸದಾಗಿ ಬಂದ ಕನ್ನಡ ಮೇಷ್ಟ್ರು" ಎಂದರು. ಆ ಬಸ್ಸಿನಲ್ಲಿ ಶಾಲೆಯವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

ಅಲ್ಲಿಂದ ನಾವಿಬ್ಬರೂ ಸ್ನೇಹಿತರಾದೆವು. ಅವರಿಗೆ ಇಡೀ ತಾಲ್ಲೂಕಿನಲ್ಲೇ ಯಾರಿಗೂ ಇಲ್ಲದ ಕಂಠವಿತ್ತು. ಅವರು ಹಳಗನ್ನಡ ಪದ್ಯ ಓದಲು ಶುರು ಮಾಡಿದರೆ ಪಕ್ಕದ ಕೋಣೆಯಲ್ಲಿ ನನ್ನ ಬೀಜಗಣಿತ ತಾನಾಗಿಯೇ ನಿಂತುಹೋಗುತ್ತಿತ್ತು. ಮಕ್ಕಳ ಜೊತೆ ನಾನೂ ಸುಣ್ಣದ ಕಡ್ಡಿ ಹಿಡಿದು ಗೋಡೆಗೆ ಕಿವಿ ಕೊಡುತ್ತಿದ್ದೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಚಹಾಕ್ಕೆ ಬರುತ್ತಿದ್ದರು. ನಾಟಕದ ಹುಚ್ಚು ಅವರಿಗೆ. ಊರಲ್ಲಿದ್ದಾಗ ಹವ್ಯಾಸಿ ತಂಡದಲ್ಲಿ ಪಾತ್ರ ಮಾಡಿದವರು. "ರಾಜನ ಪಾತ್ರ ಒಂದೂ ಸಿಗ್ಲಿಲ್ಲ ಸರ್. ಯಾವಾಗ್ಲೂ ರಾಕ್ಷಸನೇ. ಆದ್ರೆ ರಾಕ್ಷಸನಿಗೆ ಮಾತು ಜಾಸ್ತಿ, ಅದಕ್ಕೇ ಒಪ್ಕೊಳ್ತಿದ್ದೆ" ಎಂದು ಒಮ್ಮೆ ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ. ಆ ಮಾತಿನಲ್ಲಿ ಕೇಳಿಸಿಕೊಳ್ಳಬೇಕಾದದ್ದು ಬೇರೆ ಏನೋ ಇತ್ತು ಎಂದು ಹೊಳೆಯಲಿಲ್ಲ.

ಹೊಳೆಯಲು ಇನ್ನೊಂದು ಅವಕಾಶವೂ ನನಗೆ ಸಿಕ್ಕಿತ್ತು. ಆ ವರ್ಷ ಒಂದು ಸಿನಿಮಾದಲ್ಲಿ ನಮ್ಮ ಮಲೆನಾಡಿನವನೊಬ್ಬನ ಪಾತ್ರವಿತ್ತು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಬಾಯಲ್ಲಿ ಎಲೆಅಡಿಕೆ, ಮಾತುಮಾತಿಗೆ "ಎಂತದು ಮಾರಾಯ್ರೆ". ಪೇಟೆಯ ಲಿಫ್ಟಿನೊಳಗೆ ಹೋಗಲು ಹೆದರುವ ಪೆದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಾವು ಹೀಂಗಿದೀವಾ? ಹೇಳಿ ಸುಬ್ರಾಯರೆ, ನಾವೇನು ಲಿಫ್ಟ್ ಕಾಣದವ್ರಾ?" ಎಂದು ಕೂಗಾಡಿ, ಪತ್ರಿಕೆಯೊಂದಕ್ಕೆ ಎರಡು ಪುಟದ ಪತ್ರ ಬರೆದೆ. ಒಂದು ಜನಾಂಗವನ್ನು ಹೀಗೆ ಅಪಹಾಸ್ಯ ಮಾಡುವುದು ಎಷ್ಟು ಸರಿ ಎಂದು ಕೇಳಿದ್ದೆ. ಪತ್ರದ ಕಾಗುಣಿತ ತಿದ್ದಿಕೊಟ್ಟವರು ಸುಬ್ರಾಯರೇ. ಕೆಂಪು ಶಾಯಿಯಲ್ಲಿ ನಾಲ್ಕು ಅಲ್ಪಪ್ರಾಣಗಳನ್ನು ಮಹಾಪ್ರಾಣ ಮಾಡಿ, "ಒಳ್ಳೇ ಪತ್ರ ಸರ್, ಎಲ್ರೂ ಓದ್ಬೇಕಾದ್ದು" ಎಂದರು. ಆ ಪತ್ರವನ್ನು ಮೊದಲು ಓದಬೇಕಾದವನು ನಾನೇ ಆಗಿದ್ದೆ.

ಹೀಗಿರುವಾಗ ನನ್ನ ಹೆಂಡತಿಯ ತಮ್ಮ ಪ್ರಕಾಶ ಒಂದು ಸುದ್ದಿ ತಂದ. ಅವನು ಹೊಸನಗರದಲ್ಲಿ ಜೀಪು ಬಾಡಿಗೆಗೆ ಬಿಡುವವನು. ಶರಾವತಿ ಹಿನ್ನೀರಿನ ದಂಡೆಯಲ್ಲಿ ಒಂದು ಸಿನಿಮಾದ ಶೂಟಿಂಗು ನಡೆಯುತ್ತಿತ್ತು, ಇವನ ನಾಲ್ಕು ಜೀಪು ಅಲ್ಲಿ ಓಡುತ್ತಿದ್ದವು. ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಬಂದವನೇ, ಹಂಡೆ ಕಡ ಕೇಳುವವನ ಹಾಗೆ ಕೇಳಿದ: "ಭಾವ, ನಿಮ್ ಶಾಲೆ ಕನ್ನಡ ಮೇಷ್ಟ್ರು ಇದಾರಲ, ಅವ್ರನ್ನ ಒಂದಿನ ಕೊಡಿಸ್ತೀರಾ?"

"ಎಂತಕ್ಕೆ ಮಾರಾಯ?"

"ಬೆಂಗ್ಳೂರಿಂದ ಒಬ್ರು ಆಫ್ರಿಕಾದವ್ರು ಬರ್ಬೇಕಿತ್ತು, ಕೈ ಕೊಟ್ರು. ವಿಲನ್ ಕಡೆ ಒಬ್ಬ ಕಾಡುಮನುಷ್ಯ ಬೇಕಂತೆ. ನಿಮ್ ಮೇಷ್ಟ್ರಾದ್ರೆ ಮೇಕಪ್ಪೂ ಬೇಡ. ನೀವು ಕರ್ಕೊಂಡು ಬಂದ್ರೆ ಹೀರೋ ಪಕ್ಕ ನಿಲ್ಸಿ ಫೋಟೋ ತೆಗೆಸಿಕೊಡೋ ಜವಾಬ್ದಾರಿ ನಂದು."

ಕೊನೆಯ ವಾಕ್ಯ ಕೇಳಿದ ಮೇಲೆ ಹಿಂದಿನ ವಾಕ್ಯಗಳು ನನ್ನ ತಲೆಯಲ್ಲಿ ಉಳಿಯಲೇ ಇಲ್ಲ. ಆ ನಾಯಕ ಒದೆಯುವುದನ್ನು ನಾನು ಮೂವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅಂದೇ ಸುಬ್ರಾಯರ ಬಾಡಿಗೆ ಕೋಣೆಗೆ ಹೋದೆ. ಅವರು ಉತ್ಸಾಹ ತೋರಿಸಲಿಲ್ಲ. ಪಾತ್ರ ಯಾವುದು ಎಂದರು. ಖಳನಾಯಕನ ಬಲಗೈ ಬಂಟ ಎಂದೆ. "ಮಾತಿದೆಯಾ ಸರ್?" ಎಂದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. "ಮಾತಾ? ಒಂದಿಡೀ ಪುಟ ಇದೆ ಮಾರಾಯ್ರೆ" ಎಂದೆ.

ಅವರ ಮುಖ ಆಗ ಅರಳಿದ ರೀತಿಯನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಅನ್ನ ಇಳಿಯುವುದಿಲ್ಲ. ಇಳಿಯುತ್ತದೆ, ಆದರೆ ಮೊದಲ ಎರಡು ತುತ್ತು ಕಷ್ಟ.

ಶೂಟಿಂಗಿನ ಜಾಗಕ್ಕೆ ಬೆಳಿಗ್ಗೆ ಏಳಕ್ಕೇ ಮುಟ್ಟಿದೆವು. ಸುಬ್ರಾಯರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಬಂದಿದ್ದರು. ಸಹಾಯಕ ನಿರ್ದೇಶಕನೆಂಬ ಹುಡುಗ ಇವರನ್ನು ಕಂಡು "ಬನ್ನಿ ಸರ್, ಕೂತ್ಕೊಳಿ ಸರ್" ಎಂದು ಕುರ್ಚಿ ಕೊಟ್ಟ. ಆಮೇಲೆ ಮೇಕಪ್ಪಿನವರು ಅವರನ್ನು ಡೇರೆಯ ಒಳಗೆ ಕರೆದುಕೊಂಡು ಹೋದರು. ಮೇಕಪ್ಪೇ ಬೇಡ ಎಂದು ಪ್ರಕಾಶ ಹೇಳಿದ್ದನಲ್ಲ, ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಇಣುಕಿ ನೋಡಿದೆ. ನಮ್ಮ ಕನ್ನಡ ಮೇಷ್ಟ್ರ ಮೈಗೆಲ್ಲ ಡಬ್ಬಿಯಿಂದ ಕಪ್ಪು ಬಳಿಯುತ್ತಿದ್ದರು. "ಇವ್ರು ಸಾಕಷ್ಟು ಕಪ್ಪಿಲ್ಲ, ಸ್ಕ್ರೀನಲ್ಲಿ ಬರಲ್ಲ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಸೊಂಟಕ್ಕೆ ಚಿರತೆಯ ಚುಕ್ಕೆಯ ಬಟ್ಟೆ, ಕೊರಳಿಗೆ ಪ್ಲಾಸ್ಟಿಕ್ಕಿನ ಮೂಳೆಗಳ ಹಾರ, ಮೂಗಿಗೊಂದು ಬಳೆ. ಹೊರಗೆ ಬಂದಾಗ ಅದೇ ಹುಡುಗ "ಏಯ್ ಗೊಂಗಾ, ಈ ಕಡೆ ನಿಲ್ಲೋ" ಎಂದ. ಗೊಂಗಾ ಎಂಬುದು ಪಾತ್ರದ ಹೆಸರು. "ಸರ್" ಎಂಬುದು ಬಿಳಿ ಅಂಗಿಯ ಜೊತೆ ಡೇರೆಯ ಗೂಟಕ್ಕೆ ತೂಗುಬಿದ್ದಿತ್ತು.

"ನನ್ನ ಮಾತು ಕೊಡ್ತೀರಾ? ಒಂದ್ಸಲ ಓದ್ಕೊಳ್ತೇನೆ" ಎಂದು ಸುಬ್ರಾಯರು ಕೇಳಿದರು.

ಆ ಹುಡುಗ ನಕ್ಕ. "ಮಾತಾ? ನೀನು ಮಾತಾಡಿದ್ರೆ ಮಕ್ಕಳು ಹೆದರ್ತಾರಾ ಗುರೂ? ಎದೆ ಬಡ್ಕೊಂಡು 'ಹುಂಬಾ ಹುಂಬಾ' ಅನ್ನು. ಹೀರೋ ಮಗಳು ಕಣ್ಣಿಗೆ ಖಾರದ ಪುಡಿ ಎರಚ್ತಾಳೆ, ಕುಣೀತೀಯ. ಹೀರೋ ಒದೀತಾರೆ, ನೀರಿಗೆ ಬೀಳ್ತೀಯ. ಅಷ್ಟೇ."

"ಇದು ಯಾವ ಭಾಷೆ?"

"ಆಫ್ರಿಕಾ ಭಾಷೆ."

"ಅಲ್ಲಿ ಎಷ್ಟೋ ಭಾಷೆ ಇದೆಯಲ್ಲ. ಇದು ಯಾವ ಊರಿಂದು?"

"ಯಾವ್ದೋ ಒಂದು. ಟೈಮಾಯ್ತು, ಬಾ."

ಸುಬ್ರಾಯರು ನನ್ನ ಕಡೆ ತಿರುಗಿದರು. ಬಣ್ಣದ ನಡುವೆ ಕಣ್ಣು ಮಾತ್ರ ಅವರದಾಗಿತ್ತು. "ನಿಮಗೆ ಗೊತ್ತಿತ್ತಾ ಸರ್?"

"ಇಲ್ಲಪ್ಪ, ಈಗ ಬದಲಾಯಿಸಿದ್ದಾರೆ ಅಂತ ಕಾಣ್ತದೆ" ಎಂದೆ. ಎರಡನೇ ಸುಳ್ಳು. ಸುಳ್ಳು ಹೇಳಿದ್ದು ಸಾಲದೆಂದು, "ಇಷ್ಟು ಜನ ಕಾಯ್ತಿದ್ದಾರೆ ಸುಬ್ರಾಯರೆ. ಈಗ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದೂ ಸೇರಿಸಿದೆ. ಅವರು ತಮ್ಮ ಮೈಯನ್ನೊಮ್ಮೆ ನೋಡಿಕೊಂಡರು, ನನ್ನನ್ನೊಮ್ಮೆ ನೋಡಿದರು, ಹೋಗಿ ನಿಂತರು. ಮರ್ಯಾದೆ ಉಳಿಸಿಕೊಳ್ಳಬೇಕಾದವನು ನಾನು ಎಂದು ಆ ಸ್ಥಿತಿಯಲ್ಲೂ ಒಪ್ಪಿಕೊಂಡವರು ಅವರು. ಒಂಬತ್ತು ಸಲ ನೀರಿಗೆ ಬಿದ್ದರು. ನಾಯಕನ ಕಾಲು ಅವರ ಎದೆಯಿಂದ ಒಂದು ಮೊಳ ದೂರದಲ್ಲೇ ಹಾದುಹೋಗುತ್ತಿತ್ತು ಎನ್ನುವುದನ್ನು ಕಂಡು ನನ್ನ ಮೂವತ್ತು ವರ್ಷದ ಭಕ್ತಿಗೆ ಸ್ವಲ್ಪ ಪೆಟ್ಟಾಯಿತು. ನನಗೆ ಅಂದು ಆದ ಬೇಸರ ಅಷ್ಟೇ. ಫೋಟೋ ಸಿಕ್ಕಿತು. ನಾಯಕರು ನನ್ನ ಹೆಗಲ ಮೇಲೆ ಕೈ ಹಾಕಿದ್ದರು. ಹಿಂದೆ ದೂರದಲ್ಲಿ, ಫೋಕಸ್ಸಿನ ಹೊರಗೆ, ಒಬ್ಬರು ದಂಡೆಯ ಮೇಲೆ ಕೂತು ಸೋಪು ಹಚ್ಚಿ ಮೈ ತಿಕ್ಕಿಕೊಳ್ಳುತ್ತಿರುವುದು ಆ ಫೋಟೋದಲ್ಲಿ ಕಾಣುತ್ತದೆ.

ವಾಪಸು ಬರುವಾಗ ಜೀಪಿನಲ್ಲಿ ಸುಬ್ರಾಯರು, "ಇದನ್ನ ಯಾರಿಗೂ ಹೇಳೋದು ಬೇಡ ಸರ್" ಎಂದರು. ನಾನು ಹೂಂ ಎಂದೆ. ಶಾಲೆಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದಾಗ ಕೆಳಗೆ ಸುಬ್ರಾಯರ ಪಾತ್ರದ ಬಗ್ಗೆ ಒಂದು ಸಾಲು ಬರೆಯದೆ ಇರಲಾಗಲಿಲ್ಲ. ನಾನು ಅಲ್ಲಿಗೆ ಹೋದದ್ದಾದರೂ ಯಾಕೆ ಎಂದು ವಿವರಿಸಬೇಕಾಗಿತ್ತಲ್ಲ.

ಸಿನಿಮಾ ತೆರೆಗೆ ಬರುವಷ್ಟರಲ್ಲಿ ಬೇಸಿಗೆ ಶುರುವಾಗಿತ್ತು. ಆಗ ಸುಬ್ರಾಯರ ತಾಯಿ ಗಂಗೆಯಮ್ಮ ಮಗನ ಜೊತೆ ಒಂದು ವಾರ ಇರಲು ಊರಿಂದ ಬಂದಿದ್ದರು. ಗಂಡ ಬೇಗ ಹೋದ ಮೇಲೆ ಕಾಡುತ್ಪತ್ತಿ ಮಾರಿ, ಕೂಲಿ ಮಾಡಿ ಮಗನನ್ನು ಓದಿಸಿದ ಹೆಂಗಸು. ಮಾತಾಡಿಸಲು ಹೋದವನು ನಾನು ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ? "ಅಮ್ಮ, ನಿಮ್ಮ ಮಗ ಸಿನಿಮಾದಲ್ಲಿ ಮಾಡಿದ್ದಾರೆ, ಗೊತ್ತುಂಟಾ?" ಎಂದುಬಿಟ್ಟೆ. ಸುಬ್ರಾಯರು ಹಿಂದಿನಿಂದ ಬೇಡ ಬೇಡ ಎಂದು ಕೈ ಮಾಡಿದ್ದು ಕಂಡಿತು. ಆದರೆ ಆ ತಾಯಿಯ ಸಂಭ್ರಮ ಶುರುವಾಗಿಬಿಟ್ಟಿತ್ತು. "ಎಷ್ಟು ಚೆಂದ ಮಾತಾಡ್ತಾ ಅವ! ಸಣ್ಣಿದ್ದಾಗ ಶಾಲೆ ಭಾಷಣದಲ್ಲಿ ಲೋಟ ಗೆದ್ದಿದ್ದ. ನಾ ನೋಡೂಕೇ ಬೇಕು" ಎಂದು ಎದ್ದು ನಿಂತರು.

ಭಾನುವಾರ ಮಧ್ಯಾಹ್ನದ ಆಟಕ್ಕೆ ಪ್ರಕಾಶನ ಜೀಪಿನಲ್ಲಿ ಸಾಗರಕ್ಕೆ ಹೋದೆವು. ಗಂಗೆಯಮ್ಮ ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟಿದ್ದರು. ಥಿಯೇಟರಿನಲ್ಲಿ ಅವರು ನನ್ನ ಎಡಕ್ಕೆ, ಸುಬ್ರಾಯರು ಬಲಕ್ಕೆ, ಆಚೆಗೆ ಸುಮಿತ್ರ. ರಜೆಯಾದ್ದರಿಂದ ತುಂಬ ಮಕ್ಕಳಿದ್ದರು. ಮಧ್ಯಂತರ ಮುಗಿದು ಹದಿನೈದು ನಿಮಿಷಕ್ಕೆ ಗೊಂಗಾ ಬಂದ. ಹುಂಬಾ ಹುಂಬಾ ಎಂದು ಅವರು ಕೂಗಿದ್ದನ್ನೂ ತೆಗೆದುಹಾಕಿ ಯಾವುದೋ ಮೃಗದ ಗುರುಗುಡುವಿಕೆಯನ್ನು ಬೆರೆಸಿದ್ದರು; ನಡುನಡುವೆ ಹುಂಬಾ ಎಂಬುದು ಬೇರೆ ಯಾರದೋ ಒಡಕು ಗಂಟಲಲ್ಲಿ ಕೇಳುತ್ತಿತ್ತು. ನಾಯಕನ ಪುಟ್ಟ ಮಗಳು ಸೊಂಟದ ಮೇಲೆ ಕೈಯಿಟ್ಟು, "ಅಪ್ಪಾ, ಈ ಗೊರಿಲ್ಲ ಬ್ರಷ್ ಮಾಡಲ್ವಾ?" ಎಂದಳು. ಥಿಯೇಟರು ಬಿರಿಯುವ ಹಾಗೆ ನಗು. ಖಾರದ ಪುಡಿ, ಕುಣಿತ, ಒದೆತ, ನೀರು. ಮಕ್ಕಳು ಸೀಟಿನ ಮೇಲೆ ಹತ್ತಿ ನಿಂತು ಶಿಳ್ಳೆ ಹಾಕಿದರು.

ನಾನೂ ನಕ್ಕೆ. ಹೇಳಿಬಿಡಬೇಕಾದ ಮಾತು ಇದೇ, ಇದಕ್ಕಾಗಿಯೇ ಇಷ್ಟು ಸುತ್ತಿ ಬಂದದ್ದು. ಸಣ್ಣಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಭ್ಯಾಸಬಲ ನೋಡಿ, ಹಾಸ್ಯ ಬಂದಾಗ ಪಕ್ಕದವರ ತೊಡೆಗೆ ಹೊಡೆಯುವುದು ನನ್ನ ರೂಢಿ. ಬಲಗಡೆಯ ತೊಡೆಗೆ ಎರಡು ಏಟು ಹಾಕಿದ ಮೇಲೆ ಅದು ಯಾರ ತೊಡೆ ಎಂದು ನೆನಪಾಯಿತು. ಸುಬ್ರಾಯರು ಕಾಲು ಸರಿಸಿಕೊಳ್ಳಲಿಲ್ಲ. ತೆರೆಯನ್ನೂ ನೋಡುತ್ತಿರಲಿಲ್ಲ. ನನ್ನನ್ನು ದಾಟಿ ತಾಯಿಯನ್ನು ನೋಡುತ್ತಿದ್ದರು.

ಗಂಗೆಯಮ್ಮ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯನ್ನು ತೆರೆಯ ಕಡೆ ಮಾಡಿ ಬಾಗಿ ಕೂತಿದ್ದರು. ನಗು ಸ್ವಲ್ಪ ಇಳಿದಾಗ ನನ್ನ ತೋಳು ಮುಟ್ಟಿ, "ಮಾಸ್ತರ್ರೆ, ಎಂತ ಹೇಳ್ದಾ ಅವ? ಈ ಗಲಾಟೇಲಿ ನಂಗೆ ಕೇಳ್ಲಿಲ್ಲ" ಎಂದರು.

"'ಮಗುವನ್ನ ಬಿಟ್ಟುಬಿಡಿ, ಪಾಪ' ಅಂತ ಹೇಳ್ತಾರಮ್ಮ" ಎಂದೆ. ಮೂರನೆಯದು.

"ಸುಳ್ಳು ಬೇಡ ಸರ್" ಎಂದರು ಸುಬ್ರಾಯರು. ಅವರ ದನಿ ಯಾವತ್ತಿನಷ್ಟೇ ಮೆತ್ತಗಿತ್ತು. "ಅವ್ವಾ, ನಾ ಎಂತದೂ ಹೇಳ್ಲಿಲ್ಲ. ನಂಗೆ ಮಾತೇ ಇರಲಿಲ್ಲ."

"ನೀ ಸುಮ್ನೆ ಹೇಳ್ತೆ" ಎಂದು ಆ ತಾಯಿ ನಂಬಲಿಲ್ಲ. "ಇಷ್ಟು ಓದಿದವನ್ನ ಕರ್ಕಂಡು ಹೋಗಿ ಮಾತಾಡ್ಸದೇ ಕಳಿಸ್ತಾರಾ? ನನ್ನ ಕಿವಿಯೇ ಮಂದ ಆಯ್ತು, ವಯಸ್ಸಾಯ್ತಲ."

ಜೀಪು ಆನಂದಪುರ ದಾಟಿತು. ಆಮೇಲೆ ಗಂಗೆಯಮ್ಮ ಸುಮಿತ್ರಳನ್ನು, "ತಂಗೀ, ಅವ ನೀರಿಗೆ ಬಿದ್ದಾಗ ಜನ ಎಂತಕ್ಕೆ ಅಷ್ಟು ನಗಾಡಿದ್ರು?" ಎಂದು ಕೇಳಿದರು. ಸುಮಿತ್ರ ನನ್ನ ಕಡೆ ನೋಡದೆಯೇ, "ಇವ್ರನ್ನೇ ಕೇಳಿ ಅಮ್ಮ. ಇವ್ರೂ ನಕ್ಕರಲ, ಗೊತ್ತಿರ್ಬೇಕು" ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ಮಕ್ಕಳು ಕೇಳಿದ ಯಾವ ಪ್ರಶ್ನೆಗೂ ನಾನು ಅಷ್ಟು ಹೊತ್ತು ಸುಮ್ಮನೆ ಕೂತದ್ದಿಲ್ಲ. ಅವರು ಉತ್ತರಕ್ಕೆ ಕಾದು, ಕೊನೆಗೆ ತಾವೇ ಬೇಜಾರಾಗಿ ಸೀರೆಯ ಸೆರಗು ಸರಿಮಾಡಿಕೊಳ್ಳತೊಡಗಿದರು.

ಬೇಸಿಗೆ ರಜೆ ಕಳೆದು ಶಾಲೆ ಶುರುವಾದ ಮೊದಲ ವಾರ, ಪಕ್ಕದ ಕೋಣೆಯಲ್ಲಿ ಸುಬ್ರಾಯರು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಯಾರೋ "ಹುಂಬಾ" ಎಂದರು. ಇಡೀ ತರಗತಿ ಕಿಸಕ್ಕೆಂದಿತು. ನಾನು ಗೋಡೆಯ ಈಚೆ ಕಲ್ಲಾಗಿ ನಿಂತೆ. ಸುಬ್ರಾಯರು ಬೈಯಲಿಲ್ಲ. ಹಲಗೆಯ ಮೇಲೆ ಬರೆಯುವ ಸದ್ದು ಕೇಳಿತು. "ಹುಂಬ. ಒಳ್ಳೇ ಕನ್ನಡ ಪದ. ಕೊನೆಗೆ ದೀರ್ಘ ಬೇಡ. ಅರ್ಥ ಯಾರು ಹೇಳ್ತೀರಿ?" ಯಾರೂ ಹೇಳಲಿಲ್ಲ. "ಹಿಂದೆಮುಂದೆ ಯೋಚನೆ ಮಾಡದೆ ನುಗ್ಗುವವನು. ಸ್ವಂತ ವಾಕ್ಯದಲ್ಲಿ ಎಲ್ರೂ ಬರೀರಿ." ನಲವತ್ತು ಮಕ್ಕಳು ಬರೆದರು. ಆ ತರಗತಿಯಲ್ಲಿ ಮತ್ತೆ ಆ ಶಬ್ದ ಏಳಲಿಲ್ಲ. ನಾನು ಈಚೆ ಕೋಣೆಯಲ್ಲಿದ್ದೆನಾದ್ದರಿಂದ ಬರೆಯುವುದು ತಪ್ಪಿತು. ಬರೆದಿದ್ದರೆ ಉದಾಹರಣೆಗೆ ದೂರ ಹೋಗಬೇಕಾಗಿರಲಿಲ್ಲ.

ಆದರೆ ಊರಿಗೆಲ್ಲ ವ್ಯಾಕರಣ ಕಲಿಸುವುದು ಹೇಗೆ? ಬಸ್ಸಿನ ಕಂಡಕ್ಟರು, ಕ್ಷೌರದಂಗಡಿಯವನು, ಸಂತೆಯಲ್ಲಿ ತರಕಾರಿ ತೂಗುವವನು, ಎಲ್ಲರಿಗೂ ಅವರು ಗೊಂಗಾ ಮೇಷ್ಟ್ರು. ಯಾರೂ ಕೆಟ್ಟದ್ದಕ್ಕೆ ಹೇಳುತ್ತಿರಲಿಲ್ಲ, ಪ್ರೀತಿಯಿಂದಲೇ ಕರೆಯುತ್ತಿದ್ದರು. ಪ್ರೀತಿಯಿಂದ ಕರೆದಾಗ ಸಿಟ್ಟು ಮಾಡುವ ಹಾಗೂ ಇಲ್ಲ. ಭಾನುವಾರದ ಚಹಾಕ್ಕೆ ಬರುವುದು ಮೊದಲು ತಡವಾಯಿತು, ಆಮೇಲೆ ತಪ್ಪಿತು. ಶಾಲೆಯಲ್ಲಿ ಎದುರಾದರೆ "ಊಟ ಆಯ್ತಾ ಸರ್?" ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ಒಂದು ದಿನ ಜಗಳವಾಡಿದ್ದರೆ ನಾನು ಕ್ಷಮೆ ಕೇಳಿ ಮುಗಿಸಿಬಿಡುತ್ತಿದ್ದೆ. ಆ ಸೌಕರ್ಯವನ್ನು ಅವರು ನನಗೆ ಮಾಡಿಕೊಡಲಿಲ್ಲ. ಮುಂದಿನ ವರ್ಗಾವಣೆಯಲ್ಲಿ ಮಂಡಗದ್ದೆ ಕಡೆಯ ಒಂದು ಶಾಲೆ ಆರಿಸಿಕೊಂಡು ಹೊರಟುಹೋದರು. ಬೀಳ್ಕೊಡುಗೆಯ ದಿನ ಅವರ ಕಂಠದ ಬಗ್ಗೆ ನಾನು ಹತ್ತು ನಿಮಿಷ ಮಾತಾಡಿದೆ. ಅವರು ಉತ್ತರವಾಗಿ "ಎಲ್ಲರಿಗೂ ನಮಸ್ಕಾರ" ಎಂದಷ್ಟೇ ಹೇಳಿ ಕೂತರು.

ಎಂಟು ತಿಂಗಳು ಕಳೆದ ಮೇಲೆ, ಕಳೆದ ಶನಿವಾರ, ಇನ್ನು ತಡೆಯಲಾರೆ ಎನಿಸಿ ಮಂಡಗದ್ದೆಗೆ ಹೋದೆ. ಶಾಲೆ ಬಿಟ್ಟಿತ್ತು. ಸುಬ್ರಾಯರು ಅಂಗಳದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ನನ್ನನ್ನು ಕಂಡು ಓಡಿಬಂದು ಕೈ ಹಿಡಿದುಕೊಂಡರು. ರಸ್ತೆ ಬದಿಯ ಹೋಟೆಲಿನಲ್ಲಿ ಚಹಾ ಹೇಳಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಲೋಟ ನೋಡಿದ ಕೂಡಲೇ ಚೆಲ್ಲಿಹೋದವು. "ಅಮ್ಮ ಹೇಗಿದ್ದಾರೆ?" ಎಂದೆ.

"ಚೆನ್ನಾಗಿದ್ದಾಳೆ ಸರ್. ಕಿವಿ ತೋರಿಸ್ಬೇಕು ಅಂತ ಹಟ ಮಾಡಿದ್ಲು, ಶಿರಸಿ ಡಾಕ್ಟ್ರ ಹತ್ರ ಹೋಗಿದ್ವಿ. ಕಿವಿಗೆ ಎಂತ ಆಗ್ಲಿಲ್ಲ, ಸರಿ ಇದೆ ಅಂದ್ರು. ಆಮೇಲೆ ಎರಡು ದಿನ ಸುಮ್ನಿದ್ಲು."

ನನ್ನ ಚಹಾ ತಣ್ಣಗಾಗುತ್ತಿತ್ತು. "ನಾನು ಅವತ್ತು ನಗಬಾರದಿತ್ತು ಸುಬ್ರಾಯರೆ" ಎಂದೆ. ಅಂತೂ ಬಾಯಿಂದ ಬಂತು.

"ನಕ್ಕಿದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ ಸರ್. ಎಲ್ರೂ ನಕ್ಕರು, ಅದು ನಗೋ ಹಾಗೇ ಮಾಡಿದ್ದು." ಲೋಟ ಕೆಳಗಿಟ್ಟು ಹೇಳಿದರು: "ಒಂದು ಪುಟ ಮಾತಿದೆ ಅಂದಿದ್ರಲ್ಲ, ಅದೇ. ಯಾವ ಮಾತು ಕೊಡ್ತಾರೋ ಗೊತ್ತಿಲ್ಲ, ಗಂಟಲು ಸರಿ ಇರ್ಲಿ ಅಂತ ಮೂರು ದಿನ ಕಾಳುಮೆಣಸಿನ ಕಷಾಯ ಕುಡಿದಿದ್ದೆ. ನೀವು ಗೊತ್ತಿಲ್ಲ ಅಂದಿದ್ರೂ ನಾನು ಬರ್ತಿದ್ದೆ ಸರ್. ನೀವು ಕರೆದ್ರಲ್ಲ, ಅದಕ್ಕೆ ಬರ್ತಿದ್ದೆ."

ಅವರೇ ಎದ್ದು, "ಮಕ್ಕಳು ಕಾಯ್ತಿದ್ದಾರೆ. ಮುಂದಿನ ತಿಂಗಳು ನಾಟಕ, ಅಕ್ಕನ್ನ ಕರ್ಕೊಂಡು ಬನ್ನಿ" ಎಂದರು. ಅಕ್ಕ ಎಂದರೆ ಸುಮಿತ್ರ. ಬರುತ್ತೇವೆ ಎಂದೆ. ಅವರು ರಸ್ತೆ ದಾಟಿ ಅಂಗಳ ಸೇರಿ, "ಮೊದಲಿಂದ ಹೇಳಿ, ಗಟ್ಟಿಯಾಗಿ" ಎಂದದ್ದು ನನಗೆ ಹೋಟೆಲಿನವರೆಗೂ ಕೇಳಿತು.

ತೀರ್ಥಹಳ್ಳಿಗೆ ಬಂದು ರಿಪ್ಪನ್‌ಪೇಟೆಯ ಖಾಸಗಿ ಬಸ್ಸು ಹತ್ತಿದೆ. ಡ್ರೈವರ್ ತಲೆಯ ಮೇಲಿನ ಟಿವಿಯಲ್ಲಿ ಒಂದು ಹೊಡೆದಾಟದ ಸಿನಿಮಾ ಓಡುತ್ತಿತ್ತು. ಸಣ್ಣ ಕಣ್ಣಿನ, ತೆಳ್ಳನೆಯ ಮನುಷ್ಯನೊಬ್ಬ ಕೀಚಲು ದನಿಯಲ್ಲಿ ಏನೋ ಕಿರುಚುತ್ತ ಜಿಗಿದು ಬಂದ. ನಾಯಕ ಅವನ ಜುಟ್ಟು ಹಿಡಿದು ಟೊಮೇಟೊ ಗಾಡಿಗೆ ಎಸೆದ. ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಹೊಟ್ಟೆಯಿಂದಲೂ ಆ ಹಳೆಯ ನಗು ಎದ್ದು ಗಂಟಲವರೆಗೆ ಬಂತು. ಹಲ್ಲು ಕಚ್ಚಿ, ಮುಖ ಬಿಗಿದು, ಕಣ್ಣು ಕೆಳಗೆ ಮಾಡಿ ಅದನ್ನು ತಡೆದುಕೊಂಡೆ. ತಡೆದ ರಭಸಕ್ಕೆ ಕಣ್ಣಲ್ಲಿ ನೀರು ಬಂತು.

ಪಕ್ಕದ ಸೀಟಿನಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. "ಎಂತ ಆತು ಮಾರಾಯ್ರೆ? ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದು ಕನಿಕರದಿಂದ ಕೇಳಿದರು.

ಇಷ್ಟನ್ನೆಲ್ಲ ಅವರಿಗೆ ಎಲ್ಲಿಂದ ಶುರುಮಾಡಿ ಹೇಳುವುದು? ತಲೆಯನ್ನು ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ ಎಂಬಂತೆ ಆಡಿಸಿದೆ. ಅವರು ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದು ನನ್ನ ಕೈಗಿಟ್ಟು, "ಧೈರ್ಯ ತಗಳ್ಳಿ. ಒಳ್ಳೇ ಮನಸ್ಸಿನವ್ರಿಗೇ ಹಿಂಗಾಗೋದು" ಎಂದರು. ಕೋಣಂದೂರು ಬರುವವರೆಗೂ ಒಂದೇ ಸಮನೆ ಸಮಾಧಾನ ಹೇಳಿದರು. ಇಷ್ಟು ಕಾಲದಲ್ಲಿ ಈ ವಿಷಯಕ್ಕೆ ಯಾರಾದರೂ ಯಾರಿಗಾದರೂ ಹೇಳಿದ ಸಮಾಧಾನ ಇದೊಂದೇ. ಅದನ್ನೂ ಪೂರ್ತಿ ನಾನೇ ಮಾಡಿಸಿಕೊಂಡೆ, ಕಿತ್ತಳೆಯನ್ನೂ ತಿಂದೆ.